ತೂಗುಸೇತುವೆಯ ಮೇಲಿನ ತಪ್ಪೊಪ್ಪಿಗೆ

ಶಿಬಪದ ಪೊಡೇಲನಿಗಿದ್ದ ಆಸ್ತಿ ಒಂದೇ, ಅವನ ದನಿ. ಹೊಲಮನೆ ಅಪ್ಪನ ಕಾಲಕ್ಕೇ ಗಂಗೆಯ ಪಾಲಾಗಿತ್ತು. ಮುಖಲಕ್ಷಣ ಅಷ್ಟಕ್ಕಷ್ಟೆ. ಚಿತ್‌ಪುರದ ಬಯಲುನಾಟಕದ ಕಂಪನಿಯಲ್ಲಿ ಅವನು ಖಳನ ಪಾತ್ರ ಮಾಡುತ್ತಿದ್ದಾಗ ಮೈಕು ಕೈಕೊಟ್ಟರೂ ಮಾಲೀಕ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೊಯ್ದ ಗದ್ದೆಯ ಆ ತುದಿಯಲ್ಲಿ ಕೂತ ಮುದುಕಿಗೂ ಇವನ ಪಿಸುಮಾತು ಮುಟ್ಟುತ್ತಿತ್ತು. ಅಣಿಮಾ ಇವನನ್ನು ಮೆಚ್ಚಿದ್ದೂ ಕಾಟ್ವಾ ಕಡೆಯ ಅಂಥದೊಂದು ಆಟದಲ್ಲಿ, ವೇಷದ ಗಡ್ಡದ ಹಿಂದಿನ ಮುಖವನ್ನೇ ಕಾಣದೆ. "ಗಡ್ಡ ತೆಗೆದ್ಮೇಲೆ ಗೊತ್ತಾಯ್ತು, ಅಷ್ಟೊತ್ತಿಗೆ ಮದ್ವೆ ಶಂಖ ಊದಿ ಆಗಿತ್ತು" ಎಂದು ನೆಂಟರ ಮುಂದೆ ಗಂಡನ ಕಾಲೆಳೆಯುತ್ತಿದ್ದಳು.

ಮನೆಮನೆಗೆ ಟಿವಿ ಬಂತು, ಕಂಪನಿಗಳು ಒಂದೊಂದಾಗಿ ಕದ ಹಾಕಿದವು. ಶಿಬಪದ ಟಾಲಿಗಂಜಿನ ಸ್ಟುಡಿಯೋಗಳ ಗೇಟು ಕಾಯತೊಡಗಿದ. ಧಾರಾವಾಹಿಯಲ್ಲಿ ಆಳು, ಗುಮಾಸ್ತ, ಆಸ್ಪತ್ರೆಯ ಮೂಲೆಯಲ್ಲಿ ಕೈಮುಗಿದು ನಿಲ್ಲುವ ಬಡ ಅಪ್ಪ, ಹೀಗೆ ಬಾಯಿ ಬಿಡುವ ಪ್ರಸಂಗವೇ ಇಲ್ಲದ ಪಾತ್ರಗಳು. ಅಂಥ ದನಿಯವನನ್ನು ಇಪ್ಪತ್ತು ವರ್ಷ ಮೂಕನಂತೆ ನಿಲ್ಲಿಸಿದವರ ಬುದ್ಧಿಗೆ ಏನೆನ್ನಬೇಕೋ!

ಅರವತ್ತು ದಾಟಿದ ಮೇಲೆ ಕರೆ ಬಂತು. 'ಭೂತಾನ್‌ಘಾಟದ ಕೀಲಿಕೈ' ಸಿನಿಮಾ ಆಗುತ್ತಿತ್ತು. ಆ ಪತ್ತೇದಾರಿ ಕಾದಂಬರಿಯನ್ನು ಓದದ ಬಂಗಾಳಿ ಸಿಗುವುದು ಕಷ್ಟ. ಕಾಡಿನ ಬಂಗಲೆಯ ಕಾವಲುಗಾರ ಧನಂಜಯ, ಮೊದಲ ಅಧ್ಯಾಯದಿಂದ ತೆಪ್ಪಗೆ ಚಹಾ ತಂದಿಡುವ ಆ ಮುದುಕನೇ ಕೊಲೆಗಾರ ಎಂಬುದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಕೊನೆಯಲ್ಲಿ ನಿಧಿಯ ಪೆಟ್ಟಿಗೆ ತಬ್ಬಿಕೊಂಡು, ತೂಗುಸೇತುವೆಯ ನಡುವೆ ನಿಂತು, ಅವನು ತಪ್ಪೊಪ್ಪಿಕೊಳ್ಳುವ ಮಾತು ಎಷ್ಟೋ ಜನಕ್ಕೆ ಬಾಯಿಪಾಠ. ಆ ಧನಂಜಯನ ಪಾತ್ರ ಶಿಬಪದನಿಗೆ ಸಿಕ್ಕಿತು.

ಓಣಿಗೆ ಓಣಿಯೇ ಕುಣಿಯಿತು. ಮೀನಿನವನು ಇಲೀಷ್ ಮೀನೊಂದನ್ನು ಎತ್ತಿ ಹಿಡಿದು, "ದಾದಾ, ನಾನ್ ಕೊಯ್ಲಾ, ನೀವೇ ಕೊಯ್ಕೋತೀರಾ? ನಿಮ್ ಕೈ ಪಳಗಿರೋ ಕೈ!" ಎಂದ. ಕ್ಲಬ್ಬಿನ ಜಗಲಿಯಲ್ಲಿ ಕೇರಂ ಆಡುವವರು ಇವನನ್ನು ಕಂಡರೆ, "ಏಯ್, ಕೊಲೆಗಾರ ಬಂದ, ಚಹಾ ಮುಟ್ಬೇಡ್ರೋ!" ಎಂದು ಕೂಗುತ್ತಿದ್ದರು. ಶಿಬಪದ ಕಣ್ಣು ಕೆಕ್ಕರಿಸಿ ಹಳೆಯ ಖಳನಗೆ ನಕ್ಕು ಮುಂದೆ ಹೋಗುತ್ತಿದ್ದ. ಅಷ್ಟು ಸುಖವಾಗಿ ಅವನು ನಡೆದಾಡಿದ್ದನ್ನು ಆ ಓಣಿ ಅದಕ್ಕೆ ಮೊದಲು ಕಂಡಿರಲಿಲ್ಲ.

ಆ ಮಳೆಗಾಲದಲ್ಲೇ ದನಿ ಒಡೆಯಿತು. ಉಪ್ಪುನೀರು, ಕಲ್ಲುಸಕ್ಕರೆ, ಶುಂಠಿ ಹಾಕಿದ ಚಹಾ, ಯಾವುದಕ್ಕೂ ಬಗ್ಗಲಿಲ್ಲ. ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು ಸುತ್ತಿಬಳಸಲಿಲ್ಲ. "ಕ್ಯಾನ್ಸರ್. ಈಗಲೇ ಕರೆಂಟ್, ಅಂದ್ರೆ ರೇಡಿಯೇಷನ್, ಕೊಟ್ರೆ ಗುಣ ಆಗುತ್ತೆ, ದನಿನೂ ಉಳಿಯುತ್ತೆ. ಆದ್ರೆ ಕೆಲವು ತಿಂಗ್ಳು ಮಾತು ಬಂದ್."

"ಶೂಟಿಂಗ್ ಮುಗಿಸ್ಕೊಂಡು ಬರ್ತೀನಿ ಡಾಕ್ಟ್ರೇ" ಎಂದ ಶಿಬಪದ.

ಮನೆಗೆ ಬಂದ ಮೇಲೆ ಅಣಿಮಾ ತಟ್ಟೆ ಕುಕ್ಕಿದಳು. "ತಲೆ ಕೆಟ್ಟಿದ್ಯಾ ನಿಮ್ಗೆ? ಪಾತ್ರ ಹೋದ್ರೆ ಇನ್ನೊಂದು ಬರುತ್ತೆ. ಗಂಟ್ಲು ಹೋದ್ರೆ?"

"ಬರಲ್ಲ ಕಣೇ. ಇಷ್ಟು ವರ್ಷ ಬಂತಾ?" ಅವನು ಅನ್ನ ಕಲಸುತ್ತಲೇ ಇದ್ದ. "ಆ ಸೇತುವೆ ಮೇಲೆ ಒಂದ್ಸಲ ಬಾಯ್ತುಂಬ ಮಾತಾಡ್ಬಿಡ್ತೀನಿ. ಆಮೇಲೆ ಈ ಗಂಟ್ಲು ಇದ್ರೆಷ್ಟು, ಹೋದ್ರೆಷ್ಟು? ನಿಂಗೆ ನನ್ ದನಿ ಕೇಳ್ಬೇಕು ಅನ್ಸಿದ್ರೆ ಸಿನಿಮಾ ಹಾಕ್ಕೊಂಡು ಕೇಳು. ಯಾವ ಡಾಕ್ಟ್ರೂ ಅದನ್ನ ಕತ್ತರ್ಸಕ್ಕಾಗಲ್ಲ."

ಅಣಿಮಾ ಅತ್ತಳು, ಮಾತು ಬಿಟ್ಟಳು, ಕಾಳಿಗುಡಿಗೆ ಹರಕೆ ಹೊತ್ತಳು. ಅವನು ಜಗ್ಗಲಿಲ್ಲ. ದುರ್ಗಾಪೂಜೆ ಕಳೆದ ಕೂಡಲೇ ಆಗಬೇಕಿದ್ದ ಶೂಟಿಂಗು ನಾಯಕನಿಗೆ ಪುರುಸೊತ್ತಿಲ್ಲವೆಂದು ಮುಂದೆ ಹೋಯಿತು, ಮತ್ತೊಮ್ಮೆ ಮುಂದೆ ಹೋಯಿತು. ಪ್ರತಿ ಸಲವೂ ಗಂಟಲೊಳಗಿನ ಗಂಟು ಬೆಳೆಯುತ್ತಿತ್ತು. ಅದಕ್ಕೆ ಯಾರ ಪುರುಸೊತ್ತೂ ಬೇಕಿರಲಿಲ್ಲ.

ಕೊನೆಗೂ ಚಳಿಗಾಲದಲ್ಲಿ ಡುವಾರ್ಸಿನ ಕಾಡಿನ ನದಿಯೊಂದರ ತೂಗುಸೇತುವೆಯ ಮೇಲೆ ಶಿಬಪದ ನಿಂತ. ಒಡೆದ ದನಿ ಎಲ್ಲಿಂದಲೋ ಒಟ್ಟಾಗಿ ಬಂತು. ಅವನು ಮಾತು ಮುಗಿಸಿದಾಗ ಲೈಟಿನವರೂ ಅಲುಗಾಡಲಿಲ್ಲ. ನಿರ್ದೇಶಕ ಋತಜಿತ್, ಮಗನ ವಯಸ್ಸಿನವನು, ಓಡಿಬಂದು ಅಪ್ಪಿಕೊಂಡ. "ಶಿಬುದಾ, ಮೈ ಜುಮ್ಮಂತು!" ಸಂಜೆಯ ರೈಲಿಗೆ ಶಿಬಪದನನ್ನು ಕಳಿಸಿಕೊಟ್ಟರು. ಆಮೇಲೆ ಅದೇ ಸೇತುವೆಯ ಮೇಲೆ ಇನ್ನೇನು ತೆಗೆದರು ಎಂದು ಅವನಿಗೆ ಹೇಳುವವರಿರಲಿಲ್ಲ.

ಡಬ್ಬಿಂಗಿಗೂ ಕಾದ. ಮೊದಲು ತಪ್ಪೊಪ್ಪಿಗೆ, ಉಳಿದ ಸಣ್ಣಪುಟ್ಟ ಮಾತು ಆಮೇಲೆ ಎಂದರು. ಕೆಮ್ಮುತ್ತ, ನೀರು ಗುಟುಕರಿಸುತ್ತ, ತಪ್ಪೊಪ್ಪಿಗೆಯನ್ನು ಮುಗಿಸಿಕೊಟ್ಟ. ಆಸ್ಪತ್ರೆಗೆ ಹೋದಾಗ ಡಾಕ್ಟರು ಕರೆಂಟಿನ ಮಾತನ್ನೇ ಎತ್ತಲಿಲ್ಲ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಕತ್ತಿನಲ್ಲಿ ಉಸಿರಾಡಲು ತೂತು ಉಳಿಯಿತು, ಅದರ ಮುಂದೆ ಅಣಿಮಾ ಹೊಲಿದುಕೊಟ್ಟ ತೆಳುಬಟ್ಟೆ. ಏನಾದರೂ ಬೇಕಿದ್ದರೆ ಚಮಚೆಯಿಂದ ಲೋಟ ಬಡಿಯುತ್ತಿದ್ದ. ಅಣಿಮಾ ಮೊದಮೊದಲು ಬೈದಳು, ಆಮೇಲೆ ಬಿಟ್ಟಳು. ತಿರುಗಿ ಜವಾಬು ಕೊಡದವನನ್ನು ಬೈಯುವುದು ಅವಳಿಗೆ ಆಗಿಬರಲಿಲ್ಲ. ಪೂಜೆಗೆ ಸಿನಿಮಾ ಬರುತ್ತದೆ ಎಂಬುದೊಂದನ್ನೇ ಇಬ್ಬರೂ ಹಿಡಿದುಕೊಂಡರು.

ಪೂಜೆಯ ಷಷ್ಠಿಯ ದಿನದ ಮ್ಯಾಟಿನಿಗೆ ಓಣಿಯ ಅರ್ಧ ಜನ ಜೊತೆಗೆ ಬಂದರು. ಅಣಿಮಾ ಹೊಸ ತಾಂತ್ ಸೀರೆ ಉಟ್ಟಿದ್ದಳು. ಬಂಗಲೆಯ ದೃಶ್ಯ ಬಂತು, ತಟ್ಟೆ ಹಿಡಿದು ಶಿಬಪದ ಬಂದ, ಕ್ಲಬ್ಬಿನವರು ಸೀಟಿ ಹೊಡೆದರು. ಪರದೆಯ ಮೇಲೆ ಅವನು ಬಾಯಿ ತೆರೆದ. "ಚಹಾ, ಬಾಬು" ಎಂಬ ದನಿ ಬೇರೆ ಯಾರದೋ. ತೆಳ್ಳನೆಯ, ಮೂಗಿನಿಂದ ಬರುವ ದನಿ.

ಅಣಿಮಾ ಗಂಡನ ಮೊಣಕೈ ಹಿಡಿದಳು. "ರೀ, ಇದ್ಯಾರ್ರೀ?"

ಅವನು ಕೈ ಬೀಸಿ ತಾಳು ಎಂದ. ಸಣ್ಣ ಮಾತುಗಳನ್ನು ತಾನು ಆಸ್ಪತ್ರೆಯಲ್ಲಿದ್ದಾಗ ಬೇರೆಯವರಿಂದ ಹೇಳಿಸಿರಬೇಕು. ಹೋಗಲಿ, ಸೇತುವೆ ಇದೆಯಲ್ಲ. ಸೇತುವೆಯೂ ಬಂತು. ಅದರ ಮೇಲೆ ಪೆಟ್ಟಿಗೆ ತಬ್ಬಿಕೊಂಡು ನಿಂತವನು ಕತೆಯೊಳಗಿನ ಚಹಾತೋಟದ ಡಾಕ್ಟರು, ಆ ವೇಷದಲ್ಲಿ ಚೆಂದದ ಮುಖದ ಹೆಸರಾಂತ ನಟ. ಕೊಲೆಗಾರ ಅವನಂತೆ! ಟಾಕೀಸು ಹೋ ಎಂದು ಎದ್ದು ಕೂಗಿತು. ಧನಂಜಯ ದಡದಲ್ಲಿ ಲಾಂದ್ರ ಹಿಡಿದು ನಿಂತಿದ್ದ, ಬಾಯಿ ಮುಚ್ಚಿಕೊಂಡು.

ಸಿನಿಮಾ ಮುಗಿದಾಗ ಓಣಿಯವರು ಹಿಂದಿರುಗಿ ನೋಡಲಿಲ್ಲ. ಸೀಟಿ ಹೊಡೆದವರೇ ಮೊದಲು ಹೊರಗೆ ಜಾರಿದರು. ಅಣಿಮಾ ಮಾತ್ರ ಎದ್ದಿರಲಿಲ್ಲ. "ಇನ್ನೂ ಇರ್ಬೇಕು, ಕೂತ್ಕೊಳ್ಳಿ" ಎಂದಳು. ಕಸ ಗುಡಿಸುವವನು ಬಂದು ನಿಂತ ಮೇಲೆ ಎದ್ದಳು.

ಹೊರಗೆ ಋತಜಿತ್ ಜನರ ನಡುವೆ ಫೋಟೋಕ್ಕೆ ನಿಂತಿದ್ದ. "ಶಿಬುದಾ! ಹೆಂಗಿತ್ತು? ಪುಸ್ತಕ ಎಲ್ರೂ ಓದಿದಾರೆ, ಅದಕ್ಕೇ ಎರಡು ಕೊನೆ ತೆಗೆದಿದ್ದು. ಊರೇ ಬೇಸ್ತು ಬಿತ್ತು ನೋಡಿ!"

"ಅಪ್ಪಾ," ಅಣಿಮಾ ಅಡ್ಡ ನಿಂತಳು, "ಇವ್ರು ಹೇಳಿದ್ದು ಇದೆಯಲ್ಲ, ಅದನ್ನ ನಂಗೊಂದ್ಸಲ ಕೇಳ್ಸು. ಸಿನಿಮಾದಲ್ಲಿ ಬೇಡ. ಸುಮ್ನೆ ದನಿ."

"ಅಯ್ಯೋ ಬೌದಿ, ಅದೆಲ್ಲಾ ಅಳಿಸ್ಬಿಟ್ವಿ. ಹೊರಗೆ ಸೋರಿದ್ರೆ ಸಿನಿಮಾನೇ ಮುಳುಗೋದು." ಅವನ ಮುಖದಲ್ಲಿ ಕೇಡಿನ ಲವಲೇಶವೂ ಇರಲಿಲ್ಲ. ಸಂಕಟದ ವಿಷಯ ಅದೇ.

ಶಿಬಪದ ಮುಂದೆ ಬಂದು ಅವನ ಎರಡೂ ಭುಜ ಹಿಡಿದ. ಬಾಯಿ ತೆರೆದ, ನರ ಉಬ್ಬುವಂತೆ ತೆರೆದ. ತುಟಿ, ನಾಲಿಗೆ, ದವಡೆ ಎಲ್ಲ ದುಡಿದವು. ಕತ್ತಿನ ಬಟ್ಟೆ ಒಳಗೆ ಹೊರಗೆ ಪಟಪಟ ಹೊಡೆದುಕೊಂಡಿತು. ಕೇಳಿಸಿದ್ದು ಗಾಳಿ.

ಋತಜಿತನ ಕಣ್ಣು ತುಂಬಿತು. ಅವನು ಮುದುಕನನ್ನು ಅಪ್ಪಿಕೊಂಡ. "ಥ್ಯಾಂಕ್ಸ್ ನೀವ್ ಹೇಳೋದಲ್ಲ ಶಿಬುದಾ, ನಾವ್ ಹೇಳ್ಬೇಕು."

"ಥ್ಯಾಂಕ್ಸ್ ಅಲ್ಲಪ್ಪಾ ಅದು" ಎಂದಳು ಅಣಿಮಾ. ಅವನು ಆಗಲೇ ಇನ್ನೊಂದು ಫೋಟೋಕ್ಕೆ ತಿರುಗಿದ್ದ.