ಬಿರುಕಿನ ಮೇಲಿನ ಗಾಜು

ಹೋದ ವರ್ಷ ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ, ಗೋಕಾಕದ ಆಚೆಯ ಗುಡ್ಡದಲ್ಲಿ, ಕಲ್ಲು ಒಡೆಯುವ ಮೀರಾಸಾಬ ಒಂದು ಬಂಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿದರು. ಬಂಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಕಾಲುವೆ ಕೆಲಸದಲ್ಲಿದ್ದಾಗ ಎಂಜಿನಿಯರರೊಬ್ಬರಿಂದ ಕಲಿತ ಉಪಾಯ ಅದು. ಬಂಡೆಯ ಕೆಳಗೆ ಹನ್ನೊಂದು ಮನೆಗಳಿವೆ.

ಎಪ್ಪತ್ತು ದಾಟಿದ್ದ ಮೀರಾಸಾಬ ಕಾಕಾ ಯಾರ ಮನೆಗೆ ಹೋದರೂ ಮೊದಲು ಹೊಸ್ತಿಲ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ನಮ್ಮ ಮನೆಯ ಮೆಟ್ಟಿಲು ಬಡಿದು, "ಖೊಟ್ಟಿ ಕಲ್ಲರಿ ಇದು. ಚಾ ಕುಡಿಯೋತನಕ ತಡೀತೈತಿ, ನಡೀರಿ" ಎಂದಿದ್ದರು.

ಪತ್ರಿಕೆಯ ಸುದ್ದಿಗಾಗಿ ನಾನು ಭೂವಿಜ್ಞಾನಿಯೊಬ್ಬರೊಂದಿಗೆ ಆ ಗುಡ್ಡ ಹತ್ತಿದಾಗ ಕುರುಚಲು ಕಾಡಿನಲ್ಲಿ ದಾರಿ ತೋರಿಸಿದವರು ಅವರೇ. ಹುಕ್ಕೇರಿ ಕಡೆಯ ಕರಿಕಲ್ಲು ಅವರಿಗೆ ಸೇರುತ್ತಿರಲಿಲ್ಲ. "ಅದು ಸಿಟ್ಟಿನ ಕಲ್ಲು, ಉಳೀನ ವಾಪಸ್ ಒಗೀತೈತಿ. ನಮ್ಮ ಕೆಂಪಗಲ್ಲು ಹಂಗಲ್ಲ. ಪದರು ನೋಡಿ ಕೇಳಿದ್ರ ತಾನಽ ಏಳ್ತೈತಿ." ಒಂದು ಹಾಸುಗಲ್ಲಿನ ಮೇಲೆ ನೀರು ಸುರಿದು ಒರೆಸಿದರು. ಕೆರೆಯ ಅಂಚಿನ ಮರಳಿನಲ್ಲಿ ಇರುವಂಥ ಅಲೆಯ ಗೆರೆಗಳು ಕಲ್ಲಿನಲ್ಲಿ ಎದ್ದು ಕಂಡವು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು, ಇದು ಅದರ ತಳದ ಮರಳು ಎಂದರು ಭೂವಿಜ್ಞಾನಿ. ಕಾಕಾ ಬೆರಳು ಮಡಚಿ ಲೆಕ್ಕ ಹಾಕಿ, "ಹಂಗಾದ್ರ ನಾ ಇನ್ನೂ ಕೂಸು ಬಿಡ್ರಿ" ಎಂದರು.

ಅದೇ ದಿನ ಭೂವಿಜ್ಞಾನಿ ಇನ್ನೊಂದು ಮಾತು ಹೇಳಿದ್ದರು. ಗಟ್ಟಿ ಕಲ್ಲಿನ ಎರಡು ಪದರುಗಳ ನಡುವೆ ತೆಳುವಾದ ಜೇಡಿಮಣ್ಣಿನ ಪದರಿದೆ, ಅದು ಮನೆಗಳ ಕಡೆಗೇ ಇಳಿಜಾರಾಗಿದೆ. ನೀರಿಳಿದರೆ ಮೇಲಿನ ಬಂಡೆ ಜಾರಬಹುದು. ಆ ವಾರವೇ ಕಾಕಾ ಗಾಜು ಅಂಟಿಸಿದರು.

ಶ್ರಾವಣದ ಕೊನೆಯ ಮಳೆಯಲ್ಲಿ ಗಾಜು ಒಡೆಯಿತು. ಕಾಕಾ ಮನೆಮನೆಗೆ ಹೋಗಿ ಎಬ್ಬಿಸಿದರು. ಹನ್ನೊಂದು ಮನೆಯವರೂ ನಾಲ್ಕು ದಿನ ಶಾಲೆಯಲ್ಲಿದ್ದರು. ಬಂಡೆ ಬೀಳಲಿಲ್ಲ. ಮಳೆ ನಿಂತಿತು, ಎಲ್ಲರೂ ಮರಳಿದರು. ಆ ಮನೆಗಳಲ್ಲೊಂದರ, ಕುರಿ ಕಾಯುವ ಮನೆತನದ ಯಲ್ಲವ್ವ ತನ್ನ ಬಾಗಿಲಲ್ಲೇ ಕಾಕಾರನ್ನು ತಡೆದಳು.

"ಏನ್ ಕಾಕಾ, ನಿಮ್ಮ ಗುಂಡುಗಲ್ಲು ಯಮಕನಮರಡಿ ಬಸ್ಸಿಗೆ ಹೊಂಟಿತ್ತಲ್ಲ, ಎಲ್ಲಿ ಹೋತು?"

"ಬಸ್ ತಪ್ಪೈತವಾ. ರದ್ದಾಗಿಲ್ಲ."

ಓಣಿ ನಕ್ಕಿತು. ಅವರೂ ನಕ್ಕರು. ಮರುದಿನ ಹೋಗಿ ಹೊಸ ಗಾಜು ಹಚ್ಚಿ ಬಂದರು.

ಆದರೆ ಆಮೇಲೆ ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ. ದೇವರು ಇಟ್ಟ ಬಂಡೆ, ನಿನ್ನೆ ಮೊನ್ನೆಯದಲ್ಲ, ಇನ್ನು ಬೀಳುತ್ತದೆಯೇ ಎಂಬುದು ಓಣಿಯ ವಾದ. ದೀಪಾವಳಿ ಕಳೆದ ಮೇಲೆ ಕಾಕಾ ನಮ್ಮ ಕಚೇರಿಗೆ ಬಂದರು. ಅವತ್ತು ಹೊಸ್ತಿಲು ಬಡಿಯಲಿಲ್ಲ.

"ಆ ಗುಂಡುಗಲ್ಲಿನ ಕಾಲು ಕಡದಾಂವ ನಾನಽ ರೀ. ಅದರ ಕೆಳಗ ಕಲ್ಲಿನ ಆಸರಾ ಇತ್ತು. ಹರೇದಾಗ ನಾವು ನಾಕ ಮಂದಿ ಎಬ್ಬಿಸಿ ತಗದ್ವಿ. ಆ ಹನ್ನೊಂದು ಮನೀ ಬುನಾದಿಗೆ ಅದಽ ಕಲ್ಲು ಹಾಕೇವಿ. ಉಳದ ಮೂರೂ ಮಂದಿ ಮಣ್ಣಾಗ ಹೋದ್ರು. ನನ್ನ ಹೆಸರು ಹಾಕಿ ಬರೀರಿ. ಆಸರಾ ಇಲ್ಲಂತ ಗೊತ್ತಾದ್ರ ಮನೀ ಬಿಟ್ಟು ಏಳ್ತಾರ."

"ನೀವೇ ಹೇಳಬಾರದೇ?" ಎಂದೆ.

"ಹೇಳೇನ್ರಿ. ಮುದುಕಗ ಅರವು ಮರವು ಅಂತಾರ. ಪೇಪರದಾಗ ಬಂದ್ರ ಖರೆ ಅಂತಾರ."

ಕಲ್ಲು ತೆಗೆದದ್ದಕ್ಕೆ ಪರವಾನಗಿಯ ಕಾಗದ ಇರಲಿಲ್ಲ. ಸಾಕ್ಷಿ ಹೇಳುವವರು ಇರಲಿಲ್ಲ. ಒಬ್ಬರ ಮಾತಿನ ಮೇಲೆ ಹನ್ನೊಂದು ಮನೆಗಳ ಸುದ್ದಿ ಮಾಡಲಾಗದು ಎಂದು ನಾನು ಬರೆಯಲಿಲ್ಲ. ದಾಖಲೆ ಸಿಕ್ಕರೆ ನೋಡೋಣ ಎಂದೆ. ಅವರು ತಲೆಯಾಡಿಸಿ ಎದ್ದರು.

ಕೊನೆಯ ಬಾರಿ ನೋಡಿದ್ದು ಆಸ್ಪತ್ರೆಯಲ್ಲಿ. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದ ಎದೆ ಸೀಟಿ ಹಾಕುತ್ತಿತ್ತು. "ಗಾಜು ನೋಡಿದ್ರೇನು?" ಎಂದು ಕೇಳಿದರು. ನೋಡಿರಲಿಲ್ಲ. "ನೋಡ್ತೇನ್ರಿ" ಎಂದೆ. ಎಂಟು ದಿನಕ್ಕೆ ತೀರಿಕೊಂಡರು.

ಈ ವರ್ಷ ಮೊದಲ ದೊಡ್ಡ ಮಳೆಯ ಮರುದಿನ ಯಲ್ಲವ್ವ ಕಚೇರಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಗಾಜಿನ ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟಳು. ಕಾಕಾ ಹೋದ ಮೇಲೆ ಕುರಿಯ ಹಿಂದೆ ಹೋದಾಗಲೆಲ್ಲ ಅದನ್ನು ನೋಡಿ ಬರುತ್ತಿದ್ದಳಂತೆ. ಕಾಕಾ ನನಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ.

"ಮತ್ತ ಬರೀಲಿಲ್ಲ ಯಾಕ್ರಿ?" ಎಂದಳು.

ಅಂದು ಸಂಜೆ ಅವಳು ಮನೆಗೆ ಬೀಗ ಹಾಕಿ, ಕುರಿಗಳನ್ನು ಹೊಡೆದುಕೊಂಡು ಕೌಜಲಗಿಯಲ್ಲಿರುವ ತವರಿಗೆ ಹೋದಳು. ಇಂದು ಬೆಳಿಗ್ಗೆ ನಾನು ಗುಡ್ಡ ಹತ್ತಿ ನೋಡಿದೆ. ಬಿರುಕಿನಲ್ಲಿ ಅಂಗೈ ಅಡ್ಡಲಾಗಿ ಹಿಡಿಸುತ್ತದೆ. ಕೆಳಗೆ ಹತ್ತು ಮನೆಗಳಲ್ಲಿ ಜನರಿದ್ದಾರೆ.