ಮುಯ್ಯಿ ಪುಸ್ತಕ ಮತ್ತು ಎರಡನೆಯ ಮಿಷನ್ನು

ನನ್ನ ಯಜಮಾನರಿಗೆ ಜಂಬ ಸ್ವಲ್ಪ ಜಾಸ್ತಿ. ಐವತ್ತರ ದಶಕದಲ್ಲಿ, ರಾಜಾಜಿನಗರದಲ್ಲಿ ಒಂದೊಂದೇ ಮನೆ ಏಳುತ್ತಿದ್ದಾಗ, ಅಲ್ಲಿ ನಮ್ಮದೊಂದು ರಾಗಿ ಮಿಷನ್ನಿನ ಅಂಗಡಿ ಇತ್ತು. ಮೈದುನನ ಮದುವೆಯಾದ ತಿಂಗಳಿಗೇ ಎರಡನೆಯ ಮಿಷನ್ನು ಬಂದು ಕೂತಿತು. ಅದು ಬಂದದ್ದು ಮದುವೆಯ ಮುಯ್ಯಿ ದುಡ್ಡಿನಿಂದ. ನೆಂಟರಿಷ್ಟರು ಹಾಕಿದ ಮುಯ್ಯಿಯನ್ನು ಅವರ ಮನೆಯ ಮದುವೆಗಳಲ್ಲಿ ನಾವು ತಿರುಗಿ ಹಾಕಲೇಬೇಕು. ಅದಕ್ಕೇ ಯಾರದು ಎಷ್ಟು ಎಂದು ಪುಸ್ತಕದಲ್ಲಿ ಬರೆದಿಟ್ಟವಳು ನಾನು. ಇವರು ಮಾತ್ರ ಬೀದಿಗೆಲ್ಲ "ಸ್ವಂತ ದುಡಿಮೆ" ಎಂದು ಸಾರಿಕೊಂಡು ಬಂದರು.

ಬೀದಿಗೆ ಹೇಳಿದ್ದರೆ ಚಿಂತೆಯಿರಲಿಲ್ಲ. ಮಿಷನ್ನಿಗೆ ದುಡ್ಡೆಲ್ಲಿಂದ ಬಂತು ಎಂದು ಇನ್‌ಕಮ್ ಟ್ಯಾಕ್ಸ್ ಆಫೀಸಿನವರು ಕೇಳಿದಾಗಲೂ ಮೀಸೆ ತಿರುವಿಕೊಂಡು ಅದನ್ನೇ ಬರೆಸಿ ಕಳಿಸಿದರು. ಹಾಗಾದರೆ ಅಷ್ಟಕ್ಕೂ ತೆರಿಗೆ ಕಟ್ಟಿ, ಮುಚ್ಚಿಟ್ಟಿದ್ದಕ್ಕೆ ದಂಡವನ್ನೂ ಕಟ್ಟಿ ಎಂದು ಉತ್ತರ ಬಂತು. ಆಮೇಲೆ ಬಂದ ಲಕೋಟೆಗಳನ್ನು ಈ ಮಹಾರಾಯರು ಒಡೆಯಲೇ ಇಲ್ಲ, ದೇವರ ಪಟದ ಹಿಂದೆ ಸಿಕ್ಕಿಸುತ್ತ ಹೋದರು. ಪಟವೇ ಮುಂದಕ್ಕೆ ವಾಲಿದ ದಿನ ನಾನು ಎಲ್ಲವನ್ನೂ ಎಳೆದು, ಇಂಗ್ಲಿಷ್ ಬಲ್ಲ ಪಕ್ಕದ ಮನೆ ಮೇಷ್ಟರಿಂದ ಓದಿಸಿದೆ. ತಿಂಗಳೊಳಗೆ ಕಟ್ಟದಿದ್ದರೆ ಎರಡೂ ಮಿಷನ್ನು ಜಪ್ತಿ! ನಮಗೆ ಅನ್ನಕ್ಕೆ ಬೇರೆ ದಾರಿಯಿರಲಿಲ್ಲ.

ಮೇಷ್ಟರು ಹೇಳಿದ ಆಡಿಟರ್ ಬಳಿಗೆ ಇವರನ್ನು ಎಳೆದುಕೊಂಡು ಹೋದೆ.

"ದುಡ್ಡು ಎಲ್ಲಿಂದ ಬಂತು ಯಜಮಾನ್ರೇ?" ಎಂದು ಆಡಿಟರು ಕೇಳಿದರು.

"ಸ್ವಂತ ದುಡಿಮೆ ಸ್ವಾಮಿ."

"ಹಾಗಾದ್ರೆ ಕಟ್ಬಿಡಿ. ನಾನ್ಯಾಕೆ ನಿಮ್ಗೆ?"

ಇವರು ಸೂರು ನೋಡಿದರು. ನಾನು ಸೆರಗಿನಡಿಯಿಂದ ಮುಯ್ಯಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಆಡಿಟರು ಒಂದೊಂದೇ ಹಾಳೆ ತಿರುವಿ ನಗತೊಡಗಿದರು.

"ಅಲ್ಲ ತಾಯಿ, ಇದನ್ನ ಮೊದಲೇ ತೋರಿಸ್ಬಾರ್ದಿತ್ತಾ? ಇದು ಸಂಪಾದನೆ ಅಲ್ಲ, ತಿರುಗಿ ಕೊಡ್ಬೇಕಾದ ದುಡ್ಡು!"

ಇವರ ಮುಖ ಹುಳ್ಳಗಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ಆಡಿಟರು ಆಫೀಸಿಗೆ ಮೂರು ಸಲ ಓಡಾಡಿ ದಂಡ ಬಿಡಿಸಿದರು. ಅಂಗಡಿಯ ದಿಟವಾದ ವರಮಾನಕ್ಕೆ ಬಿದ್ದ ತೆರಿಗೆಯನ್ನು ಕಂತಿನಲ್ಲಿ ಕಟ್ಟಿದೆವು. ಅವರ ಫೀಸಿನ ಜೊತೆಗೆ ಎರಡು ಸೇರು ಹುರಿಹಿಟ್ಟನ್ನೂ ಕೊಟ್ಟೆ. ಮಿಷನ್ನುಗಳು ಉಳಿದವು. ಮುಯ್ಯಿ ಪುಸ್ತಕ ಮಾತ್ರ ಸರ್ಕಾರದ ಫೈಲಿನೊಳಗೇ ಉಳಿದುಹೋಯಿತು.

ಆ ವರ್ಷವೇ ಕಾಮಾಕ್ಷಿಪಾಳ್ಯದಲ್ಲಿ ನೆಂಟರ ಮನೆ ಮದುವೆ. ಪುಸ್ತಕವಿಲ್ಲವಲ್ಲ, ಮದುಮಗಳ ಅಜ್ಜಿಯನ್ನು ನಾಚಿಕೆ ಬಿಟ್ಟು ಕೇಳಿದೆ.

"ಅಜ್ಜಿ, ನೀವು ನಮ್ಗೆ ಎಷ್ಟು ಮುಯ್ಯಿ ಹಾಕಿದ್ರಿ?"

"ಎರಡು ರೂಪಾಯಿ ಕಣವ್ವ."

ಅವರು ಹಾಗೆಂದೊಡನೆ ನಾನೇ ಬರೆದ ಸಾಲು ಕಣ್ಣಮುಂದೆ ಬಂತು. ಹತ್ತು ರೂಪಾಯಿ. ನಮ್ಮ ಕಷ್ಟದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅಜ್ಜಿ ಬೇಕೆಂದೇ ಕಮ್ಮಿ ಹೇಳಿದ್ದನ್ನು ಇವರ ಕಿವಿಯಲ್ಲಿ ಹೇಳಿದೆ. ಇವರು ಹನ್ನೊಂದು ರೂಪಾಯಿ ಎಣಿಸಿ ಅಜ್ಜಿಯ ಕೈಗಿಟ್ಟು, ಚಪ್ಪರದಲ್ಲಿದ್ದವರಿಗೆಲ್ಲ ಕೇಳುವಂತೆ ಅಂದರು:

"ನಮ್ಮ ಎರಡನೇ ಮಿಷನ್ನು ಬಂದಿದ್ದು ನಿಮ್ಮೆಲ್ರ ದುಡ್ಡಲ್ಲಿ ಅಜ್ಜಿ. ನಾನು ಸುಳ್ಳು ಹೇಳ್ಕೊಂಡು ತಿರುಗ್ತಿದ್ದೆ."

"ಗೊತ್ತು ಕಣಪ್ಪ," ಎಂದರು ಅಜ್ಜಿ. "ಅದಕ್ಕೇ ಅಲ್ವಾ, ಇಲ್ಲೇ ಮಿಷನ್ನಿದ್ರೂ ರಾಗಿ ಹೊತ್ಕೊಂಡು ನಿಮ್ಮಲ್ಲಿಗೇ ಬರೋದು!"