ಒಂದು ಹೆಸರಿಗೆ ಇಡೀ ಮೂಟೆ

ಎಚ್.ಡಿ. ಕೋಟೆಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು ಮಾಡುವುದೇ ಕಸುಬು. ಕನ್ನಡ ಅಕ್ಷರ ಕೂಡಿಸಿ, ಅಂಚು ಹಾಕಿ, ಪ್ರಿಂಟ್ ಕೊಡುವ ಸಾಫ್ಟ್‌ವೇರ್ ಇದ್ದರೆ ನನಗೆ ಸಾಕು. ಮೊದಲು ಹಾಗೇ ಇತ್ತು. ಅಕ್ಷರದ ಫಾಂಟು ಬೇರೆ, ಟೈಪಿಂಗ್ ಪ್ರೋಗ್ರಾಮು ಬೇರೆ. ಯಾವುದು ಕೆಟ್ಟರೆ ಅದನ್ನಷ್ಟೇ ಸರಿಮಾಡಿಕೊಳ್ಳುತ್ತಿದ್ದೆ. ಈಗ ಹಾಗೆ ಮಾರುವುದೇ ಇಲ್ಲವಂತೆ. ಬೇಕಾದ್ದು ಬೇಡದ್ದು ಎಲ್ಲವನ್ನೂ ಮೂಟೆ ಕಟ್ಟಿ ತಲೆಗೆ ಹೊರಿಸುತ್ತಾರೆ. ಕಂಪ್ಯೂಟರಿನಲ್ಲಿ ಆಗಲೇ ಇರುವ ಸಾಮಾನನ್ನೇ ಪ್ರತಿ ಪ್ರೋಗ್ರಾಮೂ ಮತ್ತೆ ಹೊತ್ತು ತರುತ್ತದೆ. ಬೀಗರೂಟಕ್ಕೆ ಬಂದವರೆಲ್ಲ ತಮ್ಮ ತಮ್ಮ ಒಲೆ, ಸೌದೆ ತಂದು ಅಂಗಳದಲ್ಲಿ ಹೂಡಿದರೆ ಎಲೆ ಹಾಕುವುದೆಲ್ಲಿ?

ಹೋದ ವರ್ಷ ಒಂದು ಸಂಜೆ ಎನ್. ಬೇಗೂರಿನ ಹೆಂಗಸೊಬ್ಬರು ಕಾರ್ಡಿನ ಕಟ್ಟು ಹಿಡಿದು ಬಂದರು. ತೀರಿಕೊಂಡಿದ್ದ ಅವರ ಗಂಡನ ತಿಥಿ ಕಾರ್ಡನ್ನು ಹಿಂದಿನ ದಿನ ನಾನೇ ಮಾಡಿಕೊಟ್ಟಿದ್ದೆ. ನಮ್ಮ ಕಡೆ ಕಾರ್ಡಿನ ಕೆಳಗೆ ‘ದುಃಖತಪ್ತರು’ ಎಂದು ಬಂಧುಗಳ ಹೆಸರು ಹಾಕುತ್ತೇವೆ. ಹೆಸರು ಬಿಟ್ಟುಹೋದವರು ಮುನಿಸಿಕೊಳ್ಳುವುದು ಖಂಡಿತ.

“ನಮ್ ಭಾವನ ಎಸ್ರೇ ಬುಟ್ಟೋಗದೆ ಕಣಣ್ಣ. ಅಳೋದ್ರಲ್ಲಿ ನಂಗೇ ಗ್ಯಾನ ಇಲ್ಲ. ಬದುವಿನ ಜಗ್ಳ ಆಗಿ ಅಣ್ತಮ್ಮಂದ್ರಿಗೆ ಮಾತೇ ಇರ್ಲಿಲ್ಲ. ಈಗ ಬತ್ತೀನಿ ಅಂದವ್ರೆ. ಎಸ್ರು ಕಾಣ್ದಿದ್ರೆ ಬರಾಕಿಲ್ಲ.”

“ಕೂತ್ಕೊಳಿ ಅಕ್ಕ, ಈಗ್ಲೇ ಸೇರಿಸ್ತೀನಿ” ಎಂದೆ.

ಸಾಫ್ಟ್‌ವೇರ್ ಮೊಂಡು ಹಿಡಿಯಿತು. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳದೆ ತೆರೆಯುವುದಿಲ್ಲವಂತೆ. ಏನು ಬದಲಾಗಿದೆ ಎಂದು ನೋಡಿದರೆ, ನಾನು ಯಾವತ್ತೂ ಮುಟ್ಟದ ಫೋಟೊ ವಿಭಾಗದಲ್ಲಿ ಏನೋ ಸಣ್ಣ ರಿಪೇರಿ. ಅದಕ್ಕೆ ಇಡೀ ಮೂಟೆ ಮತ್ತೆ ಇಳಿಯಬೇಕು! ಮೊಬೈಲ್ ನೆಟ್ಟಿನಲ್ಲಿ ತೆವಳಿಕೊಂಡು ಬಂದು, ಕೊನೆಗೆ ಜಾಗ ಸಾಲದು ಎಂದಿತು. ಹಳೆಯ ಕಾರ್ಡುಗಳನ್ನೆಲ್ಲ ಅಳಿಸಿದೆ. ಆಗಲೂ ಸಾಲಲಿಲ್ಲ. ಬೇರೆ ಪ್ರೋಗ್ರಾಮಿನಲ್ಲಿ ಆ ಹೆಸರೊಂದನ್ನಾದರೂ ಹೊಡೆಯೋಣವೆಂದರೆ ಕನ್ನಡ ಅಕ್ಷರಗಳೂ ಆ ಮೂಟೆಯೊಳಗೇ ಸಿಕ್ಕಿಕೊಂಡಿದ್ದವು. ಕಂಪನಿಗೆ ಫೋನ್ ಮಾಡಿದೆ.

“ಎಲ್ಲ ಒಟ್ಟಿಗೇ ಬರೋದು ಸರ್, ನಿಮ್ಮ ಅನುಕೂಲಕ್ಕೇ” ಎಂದರು.

ನನ್ನ ಅನುಕೂಲ! ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಮಿಕ್ಕ ಡಿಟಿಪಿ ಅಂಗಡಿಗಳೂ ಬಾಗಿಲು ಹಾಕಿದ್ದವು, ಬೇಗೂರಿನ ಕೊನೆಯ ಬಸ್ಸು ಹೊರಡುವುದರಲ್ಲಿತ್ತು.

“ಓಗ್ಲಿ ಬುಡಿ ಅಣ್ಣ, ಪೆನ್ನಲ್ಲೇ ಬರ್ದ್ಕೊಡಿ” ಎಂದರು ಆಕೆ.

ಭಾವನಿಗೆ ಕೊಡುವ ಕಾರ್ಡಿನಲ್ಲಿ ಮೊದಲು ಹೆಸರು ಬರೆದೆ, ಆದಷ್ಟು ಅಂದವಾಗಿ. ಮಿಕ್ಕವುಗಳಲ್ಲಿ ಅವಸರವಾಗಿ ಗೀಚಿದೆ.

ತಿಂಗಳಾದ ಮೇಲೆ ಆಕೆ ಏನೋ ಜೆರಾಕ್ಸಿಗೆಂದು ಬಂದರು. ಭಾವ ಬಂದಿದ್ದರಾ ಎಂದು ಕೇಳಿದೆ.

“ಇಲ್ಲ ಕಣಣ್ಣ. ಎಲ್ಲಾರ್ ಎಸ್ರೂ ಅಚ್ಚಲ್ಲಿ ಅದೆ, ನಂದು ಮಾತ್ರ ಪೆನ್ನಲ್ಲಿ ಗೀಚವ್ರೆ, ಬೇಕು ಅಂತ್ಲೇ ಬುಟ್ಟಿದ್ದು ಅಂದ್ರಂತೆ. ಇನ್ನು ಆ ಮನೆ ಬಾಗ್ಲು ನಮ್ಗೆ ಮುಚ್ದಂಗೆಯಾ.”

ಅಂದೂ ಪರದೆಯ ಮೇಲೆ ಹೊಸ ಆವೃತ್ತಿ ಬಂದು ಕೂತಿತ್ತು. ಆಕೆಯ ಮುಂದೆಯೇ ಅದನ್ನು ಬಾಯಿಗೆ ಬಂದಂತೆ ಬೈದೆ.